ಕಟ್ಟೆಯೇರಿದ ಕಲ್ಲು

ಭಾದ್ರಪದದ ನೆರೆ ಇಳಿದು ಹನ್ನೊಂದನೆಯ ದಿನ. ಹೊಳೆಯ ದಡದ ಮಠದಲ್ಲಿ ಕೆಸರು ಎತ್ತುವ ಕೆಲಸ ಇನ್ನೂ ಮುಗಿದಿರಲಿಲ್ಲ. ಊಟದ ಸಾಲೆಯಲ್ಲಿ ನೀರು ನಿಂತ ಮಟ್ಟಕ್ಕೆ ಗೋಡೆಗೆ ಕಂದುಗೆರೆ ಅಂಟಿತ್ತು. ಒದ್ದೆಬಟ್ಟೆಯಿಂದ ಗೋಡೆ ಒರೆಸುತ್ತಿದ್ದ ಶಿಷ್ಯ ರೇವಣಯ್ಯ ಕೈ ನಿಲ್ಲಿಸಿ ಕೇಳಿದನು: "ಗುರುಗಳೇ, ಕೆಳಗಿನ ಊರಿನಲ್ಲಿ ಹದಿನೇಳು ಜನ ಹೋದರು. ಅಲ್ಲಿಗೆ ನೆರೆ ಹೊಸತಲ್ಲ. ಹಿರಿಯರು ಎಚ್ಚರಿಕೆ ಹೇಳದೆ ಹೋದವರೂ ಅಲ್ಲ. ಹೇಳಿದ ಮೇಲೂ ಊರು ಹೇಗೆ ಮರೆಯುತ್ತದೆ?"

ಗುರು ಕವುಚಿಹಾಕಿದ್ದ ಕೊಪ್ಪರಿಗೆಯ ಮೇಲೆ ಕುಳಿತು ಹೇಳತೊಡಗಿದರು.

ಒಂದು ಊರಿನ ಹೊಳೆಯಂಚಿನಲ್ಲಿ ಹಿರಿಯರು ಒಂದು ಕಲ್ಲು ನೆಟ್ಟಿದ್ದರು. ನೀರು ಕಲ್ಲಿನ ಬುಡ ಮುಟ್ಟಿದರೆ ದನಗಳ ಹಗ್ಗ ಬಿಚ್ಚಬೇಕು. ನಡು ಮುಟ್ಟಿದರೆ ಡೋಲು ಬಾರಿಸಿ ಊರೆಲ್ಲ ಗುಡ್ಡ ಹತ್ತಬೇಕು. ನಡೆಯಲಾರದವರನ್ನು ಪಕ್ಕದ ಮನೆಯವನು ಹೊರಬೇಕು. ತನ್ನ ಮನೆಗೆ ನುಗ್ಗಿದವನು ಪಾತ್ರೆಪಡಗಕ್ಕೂ ಕೈಚಾಚುತ್ತಾನೆ, ಪರರ ಮುದುಕಿಯನ್ನು ಹೊತ್ತವನು ಹಿಂದಿರುಗಿ ನೋಡುವುದಿಲ್ಲ ಎಂಬುದು ಹಿರಿಯರ ಎಣಿಕೆ.

ಆ ಊರಿನಲ್ಲಿ ಒಬ್ಬ ಅಂಬಿಗನಿದ್ದನು. ಅವನ ತಾಯಿಯ ಕಾಲುಗಳು ಬಿದ್ದುಹೋಗಿದ್ದವು. ನೆರೆಯ ಹೊತ್ತಿನಲ್ಲಿ ಅಂಬಿಗ ಹರಿಗೋಲಿನಲ್ಲಿ ಇರಬೇಕಾದುದರಿಂದ, ಅವಳನ್ನು ಹೊರುವ ಹೊಣೆ ಪಕ್ಕದ ಮನೆಯ ಗಾಣಿಗನದು. ಅವ್ವ ವರ್ಷವರ್ಷಕ್ಕೆ ಭಾರವಾಗುತ್ತಿದ್ದಾಳೆ, ತನ್ನ ಬೆನ್ನಿನ ಗತಿಯೇನು ಎಂದು ಗಾಣಿಗ ಅವಳನ್ನು ಛೇಡಿಸುತ್ತಿದ್ದನು. ಗಾಣದೆತ್ತಿಗೆ ಹಾಕುವ ಹಿಂಡಿಯಲ್ಲಿ ನೀನೂ ಒಂದು ಹಿಡಿ ತಿನ್ನು ಎಂದು ಅವಳು ಮರುನುಡಿಯುವುದು ನಡೆದೇ ಇತ್ತು.

ಬಹುವರ್ಷ ನೆರೆ ಬರಲಿಲ್ಲ. ಕಲ್ಲಿಗೆ ಯಾರೋ ಅರಿಶಿನ ಹಚ್ಚಿದರು. ಯಾರೋ ಕಾಯಿ ಒಡೆದರು. ಕಲ್ಲು ದೇವರಾಯಿತು. ಆಗ ಒಬ್ಬ ವರ್ತಕನು, ನಾವು ಸೂರಿನಡಿ ಬೆಚ್ಚಗಿದ್ದು ದೇವರನ್ನು ಕೆಸರಿನಲ್ಲಿ ನಿಲ್ಲಿಸಿರುವುದು ಪಾಪವೆಂದನು. ಮೂರಾಳೆತ್ತರದ ಕಟ್ಟೆ ಕಟ್ಟಿಸಿದನು. ಊರು ಮೆಚ್ಚಿತು.

ಅಂಬಿಗನೊಬ್ಬನೇ ಕೇಳಿದನು: "ಧಣಿ, ನೀರಿನಲ್ಲಿ ನಿಲ್ಲುವುದೇ ಆ ಕಲ್ಲಿನ ಕೆಲಸವಲ್ಲವೇ?"

"ಅಂಬಿಗನ ದೇವರು ಅಂಬಿಗನ ಹಾಗೆ ನೆನೆಯುತ್ತಲೇ ಇರಬೇಕೋ?" ಎಂದನು ವರ್ತಕ.

ನೆರೆದವರು ನಕ್ಕರು. ಅಂಬಿಗನೂ ನಕ್ಕನು. ಕಲ್ಲು ಏರಿಸುವ ದಿನ ಅದರ ಒಂದು ಮೂಲೆಗೆ ಅವನೂ ಹೆಗಲು ಕೊಟ್ಟನು.

ಐದನೆಯ ಮಳೆಗಾಲದಲ್ಲಿ, ಊರಿಗೆ ಹನಿ ಬೀಳದಿದ್ದರೂ, ಮೇಲುಸೀಮೆಯ ಮಳೆಗೆ ಹೊಳೆ ಏರಿತು. ಕಲ್ಲು ಮೊದಲಿದ್ದ ಗುಂಡಿ ಬೆಳಗಾಗುವಾಗ ಮುಳುಗಿತ್ತು. ಅಂಬಿಗ ಗಾಣಿಗನ ಬಾಗಿಲಿಗೆ ಹೋಗಿ ತಾಯಿಯನ್ನು ಹೊರಬೇಕೆಂದನು. ಗಾಣಿಗ ಕೆಟ್ಟವನಲ್ಲ. ಹೊರಗೆ ಬಂದು ಕಟ್ಟೆಯ ಕಡೆ ನೋಡಿದನು.

"ದೇವರ ಪಾದ ಒಣಗಿದೆಯಲ್ಲ, ತಮ್ಮಾ. ಪಾದ ನೆನೆಯಲಿ, ಮರುಗಳಿಗೆಗೆ ಅವ್ವ ನನ್ನ ಬೆನ್ನ ಮೇಲಿರುತ್ತಾಳೆ."

ಅಂಬಿಗನೂ ಕಟ್ಟೆಯ ಕಡೆ ನೋಡಿದನು. ಒದ್ದೆನೆಲ ತುಳಿದಿದ್ದ ಅವನ ಅಂಗಾಲು ಒಂದು ಹೇಳುತ್ತಿತ್ತು, ಕಣ್ಣು ಇನ್ನೊಂದು ಹೇಳುತ್ತಿತ್ತು. ಅವನು ಕಣ್ಣನ್ನು ನಂಬಿ ಹರಿಗೋಲಿಗೆ ಹೋದನು.

ಮಧ್ಯಾಹ್ನಕ್ಕೆ ದೇವರ ಪಾದ ನೆನೆಯಿತು. ಅಷ್ಟರಲ್ಲಿ ಊರಿನ ಡೋಲು ನೀರಿನ ಮೇಲೆ ತೇಲುತ್ತಿತ್ತು. ಗಾಣಿಗ ಮಾತಿಗೆ ತಪ್ಪಲಿಲ್ಲ, ಮುದುಕಿಯನ್ನು ಬೆನ್ನಿಗೇರಿಸಿಕೊಂಡನು. ನಾಲ್ಕನೆಯ ದಿನ ಇಬ್ಬರೂ ಒಂದೇ ಕಡೆ ಸಿಕ್ಕರು. ಅವಳ ಕೈಗಳು ಅವನ ಕೊರಳಲ್ಲೇ ಇದ್ದವು.

ಉಳಿದವರು ಗುಡ್ಡದಿಂದ ಇಳಿದುಬಂದರು. ಊರಿನಲ್ಲಿ ನಿಂತಿದ್ದುದು ಕಟ್ಟೆಯೊಂದೇ. ಇಷ್ಟು ನೀರಿಗೂ ದೇವರು ಅಲುಗಲಿಲ್ಲವೆಂದು ಅವರು ಕೈಮುಗಿದರು. ಮನೆಗಳಿಗೆ ಗೋಡೆ ಏಳುವ ಮೊದಲೇ ಕಟ್ಟೆಯನ್ನು ಇನ್ನೂ ಒಂದಾಳು ಎತ್ತರಿಸಿದರು. ಅಂಬಿಗ ಯಾರೊಡನೆಯೂ ವಾದಿಸಲಿಲ್ಲ. ಹಳೆಯ ಗುಂಡಿಯ ಹೂಳು ತೆಗೆದು, ದೋಣಿ ನಡೆಸುವ ತನ್ನ ಹುಟ್ಟನ್ನು ಅಲ್ಲಿ ನೆಟ್ಟು, ಅದರ ನಡುವಿಗೊಂದು ಗೀರು ಕೊರೆದನು. ಕೇಳಿದವರಿಗೆ ಅದರ ಅರ್ಥ ಹೇಳಿದನು. ಕೇಳದವರಿಗೂ ಹೇಳಿದನು. ಮೂರನೆಯ ವರ್ಷ ಯಾರೋ ಅದಕ್ಕೆ ಅರಿಶಿನ ಹಚ್ಚಿದ್ದರು. ಅವನು ಹೊಳೆಯ ಕೆಸರಿನಿಂದ ಉಜ್ಜಿ ಅಳಿಸಿದನು. ಮರುದಿನ ಮತ್ತೆ ಹಚ್ಚಿದ್ದರು.

ಗುರು ಅಲ್ಲಿಗೆ ನಿಲ್ಲಿಸಿದರು.

ರೇವಣಯ್ಯ ನಿಟ್ಟುಸಿರಿಟ್ಟನು. "ಎಂಥ ಮೂಢರು. ಕಣ್ಣೆದುರಿಗಿದ್ದ ಗುರುತನ್ನು ತಮ್ಮ ಕೈಯಿಂದಲೇ ಕಿತ್ತರಲ್ಲ."

ಗುರು ಅವನ ಕೈಯಲ್ಲಿದ್ದ ಬಟ್ಟೆಯನ್ನೂ ಹಿಂದಿನ ಗೋಡೆಯನ್ನೂ ನೋಡಿದರು.

"ನೀನು ಆ ಗೆರೆಯನ್ನು ಎಲ್ಲಿಯವರೆಗೆ ಒರೆಸಿದ್ದೀಯೆ?"

ರೇವಣಯ್ಯ ಕಿಟಕಿಯವರೆಗೆ ಒರೆಸಿ ಮುಗಿದಿದ್ದ ಗೋಡೆಯನ್ನು ತಿರುಗಿ ನೋಡಿ, ಬಟ್ಟೆಯನ್ನು ಕೆಳಗಿಟ್ಟನು.

ಆ ವರ್ಷ ಮಠಕ್ಕೆ ಸುಣ್ಣ ಬಳಿದವರು ಸಾಲೆಯ ಗೋಡೆಯಲ್ಲಿ ಕಂದುಗೆರೆ ಉಳಿದಿದ್ದಲ್ಲಿ ನಾಲ್ಕು ಬೆರಳಗಲದ ಪಟ್ಟಿ ಬಿಟ್ಟು ಬಳಿದರು. ಪಟ್ಟಿ ಬಾಗಿಲಿನಿಂದ ಕಿಟಕಿಯವರೆಗೆ ಇದೆ, ಕಿಟಕಿಯಿಂದಾಚೆಗೆ ಇಲ್ಲ.