ಶ್ರೀಶೈಲಕ್ಕೆ ಹೊರಡುವ ತಯಾರಿ

ಕೃಷ್ಣೆಯ ದಂಡೆಯ ಮೇಲೆ ಒಂದು ಸಣ್ಣ ಮಠ. ಅಲ್ಲಿದ್ದ ಮುರುಘಯ್ಯ ಅಜ್ಜಾರು ವರ್ಷಕ್ಕೊಮ್ಮೆ ಶಿಷ್ಯರನ್ನು ಕರೆದುಕೊಂಡು ಶ್ರೀಶೈಲಕ್ಕೆ ನಡೆದು ಹೋಗುತ್ತಿದ್ದರು.

ಆ ವರ್ಷ ಚನ್ನಮಲ್ಲನೆಂಬ ನೇಕಾರ ತಾನೂ ಬರುತ್ತೇನೆಂದ. ದೀಪಾವಳಿಯ ಹೊತ್ತಿಗೆ ಅವನ ಹೆಂಡತಿ ಶಂಕ್ರವ್ವ ತೀರಿಕೊಂಡಿದ್ದಳು. ಮಕ್ಕಳಿರಲಿಲ್ಲ.

"ದಿನಾ ಒಂದೀಟು ನಡಿ. ಕಾಲು ಪಳಗಲಿ" ಎಂದರು ಅಜ್ಜಾರು.

ಚನ್ನಮಲ್ಲ ಒಂದೀಟಕ್ಕೆ ನಿಲ್ಲಲಿಲ್ಲ. ನಸುಕಿನಲ್ಲಿ ಎದ್ದವನು ಹೊಳೆಯ ದಂಡೆ ಹಿಡಿದು ಹೊತ್ತು ಮುಳುಗುವವರೆಗೂ ನಡೆದ. ಹೆಗಲ ಮೇಲೆ ಉಸುಕಿನ ಚೀಲ ಹೊತ್ತು ನಡೆದ. ಹಿಮ್ಮಡಿ ಒಡೆದು ರಕ್ತ ಬಂತು. ಅರಿವೆ ಸುತ್ತಿಕೊಂಡು ನಡೆದ. ಮಲಗುವುದೂ ಮಠದ ಪಡಸಾಲೆಯಲ್ಲೇ.

ಕೂತಾಗ ಯಾತ್ರೆಯ ಗಂಟು ಬಿಚ್ಚುತ್ತಿದ್ದ, ಮತ್ತೆ ಕಟ್ಟುತ್ತಿದ್ದ. ಕಟಕ ರೊಟ್ಟಿ, ಶೇಂಗಾ ಹಿಂಡಿ, ಕಂಬಳಿ. ಕಂಬಳಿ ಭಾರವೆಂದು ಒಂದು ದಿನ ತೆಗೆದಿಟ್ಟ. ಮರುದಿನ ಅದನ್ನೇ ಮತ್ತೆ ಮಡಚಿ ಇಟ್ಟ.

"ಯಾವಾಗ ಹೊರಡೂದ್ರಿ ಅಜ್ಜಾರ?"

"ನಿನ್ನ ತಯಾರಿ ಮುಗಿದ ಮ್ಯಾಲೆ."

"ಮುಗಿದೈತ್ರಿ. ಕಾಲು ಕಬ್ಬಿಣ ಆಗ್ಯಾವ."

"ಹಂಗಾದ್ರ ಇವತ್ತು ನಡೀಬ್ಯಾಡ. ಮನೀಗೆ ಹೋಗಿ ಕೂಡು."

ಚನ್ನಮಲ್ಲ ಹೋದ. ಮಧ್ಯಾಹ್ನವಾಗುವ ಮೊದಲೇ ತಿರುಗಿ ಬಂದ.

"ಕೂತಿದ್ಯೇನು?"

"ಬೀಗಾನ ತೆಗೀಲಿಲ್ರಿ."

"ಯಾಕ?"

"ಒಳಗ ಹೋಗಿ ಏನ್ ಮಾಡ್ಲಿರಿ? ಯಾರದಾರ ಅಲ್ಲಿ?"

ಅಜ್ಜಾರು ಎದ್ದು ಕೋಲು ತೆಗೆದುಕೊಂಡರು. "ನಡಿ, ನಾನೂ ಬರತೀನಿ. ನನಗ ಹಸಿವಾಗೈತಿ."

ಮನೆ ಓಣಿಯ ಕೊನೆಗಿತ್ತು. ಚನ್ನಮಲ್ಲ ಬೀಗ ತೆಗೆದ. ಒಳಗೆ ಮಗ್ಗದ ಮೇಲೆ ಅರ್ಧ ನೇಯ್ದ ಸೀರೆ, ಅದರ ಮೇಲೆ ಧೂಳು. ಅವನು ಅತ್ತ ನೋಡದೆ ನೆಟ್ಟಗೆ ಅಡುಗೆಮನೆಗೆ ನಡೆದ.

ಅಜ್ಜಾರು ಅಡುಗೆಮನೆಯ ಹೊಸ್ತಿಲ ಹತ್ತಿರ ಕೂತರು.

ಚನ್ನಮಲ್ಲ ಹಿಟ್ಟಿನ ಡಬ್ಬಿ ತೆರೆದ. ಹಿಟ್ಟಿನ ತುಂಬ ಹುಳು. ಶಂಕ್ರವ್ವ ಅಳತೆಗೆ ಬಳಸುತ್ತಿದ್ದ ಬಟ್ಟಲು ಒಳಗೇ ಇತ್ತು.

"ಹುಳಾ ಬಿದ್ದೈತ್ರಿ."

"ಚೆಲ್ಲು."

"ಆಕಿ ಬೀಸಿಸಿಕೊಂಡು ಬಂದಿದ್ದ ಹಿಟ್ಟ್ರಿ ಇದು."



ಚನ್ನಮಲ್ಲ ಡಬ್ಬಿ ಹಿಡಿದುಕೊಂಡು ಹಿತ್ತಲ ಬಾಗಿಲವರೆಗೆ ಹೋದ. ಆಮೇಲೆ ಅಲ್ಲೇ ಕುಸಿದು ಕೂತ. ಮಣ್ಣು ಮಾಡಿದ ದಿನವೂ ಅಳದವನು ಈಗ ಅತ್ತ.

"ನಾ ನೇಯೂವಾಗ ಬಾಜೂಕ ಕೂತು ನೂಲು ಸುತ್ತತಿದ್ಲರಿ. ಊರ ಮಂದಿ ಸುದ್ದಿ ಎಲ್ಲಾ ಹೇಳತಿದ್ಲು. ನಾ ಹ್ಞೂಂ, ಹ್ಞೂಂ ಅಂತಿದ್ದೆ. ಈಗ ಈ ಮನಿ ಸುಮ್ಮನಿದ್ರ ನನಗ ಅಂಜಿಕಿ ಬರತೈತಿ."

"ಏನ್ ಸುದ್ದಿ ಹೇಳತಿದ್ಲು?" ಎಂದರು ಅಜ್ಜಾರು.

ಚನ್ನಮಲ್ಲ ಹೇಳಿದ. ಯಾರ ಎಮ್ಮೆ ಕರು ಹಾಕಿತು, ಯಾರ ಸೊಸೆ ಮುನಿಸಿಕೊಂಡು ತವರಿಗೆ ಹೋದಳು. ಹೇಳುತ್ತ ಹೇಳುತ್ತ ಒಮ್ಮೆ ನಕ್ಕೂಬಿಟ್ಟ.

ಆಮೇಲೆ ಹಿಟ್ಟನ್ನು ಹಿತ್ತಲಿಗೆ ಚೆಲ್ಲಿ, ಡಬ್ಬಿ ತೊಳೆದು ಬಿಸಿಲಿಗಿಟ್ಟ. ಗಡಿಗೆಯಲ್ಲಿದ್ದ ಅಕ್ಕಿ ಆರಿಸಿ ಒಲೆ ಹೊತ್ತಿಸಿದ. ಅನ್ನ ತಳ ಹಿಡಿಯಿತು. ಇಬ್ಬರೂ ಉಪ್ಪು ಹಚ್ಚಿಕೊಂಡು ಉಂಡರು.

ಉಂಡವನು ಗೋಡೆಗೆ ಒರಗಿದ ಹಾಗೇ ನಿದ್ದೆಹೋದ. ಎಚ್ಚರವಾದಾಗ ಬಿಸಿಲು ಇಳಿದಿತ್ತು. ಅಜ್ಜಾರು ಇನ್ನೂ ಅಲ್ಲೇ ಕೂತಿದ್ದರು.

ಚನ್ನಮಲ್ಲ ನೆಲ ಗುಡಿಸಿದ. ಮಗ್ಗದ ಮೇಲಿನ ಧೂಳು ಜಾಡಿಸಿದ.

ಅಜ್ಜಾರು ಎದ್ದರು. "ತಯಾರಿ ಮುಗೀತು. ನಾಡಿದ್ದು ಹೊರಡೂಣು."

ಚನ್ನಮಲ್ಲ ಅವರ ಹಿಂದೆ ಬಾಗಿಲವರೆಗೆ ಬಂದ. "ಅಜ್ಜಾರ, ದಾರಿಯೊಳಗ ಈ ಮನಿ ನೆನಪಾದ್ರ ಏನ್ ಮಾಡ್ಲಿರಿ?"

"ನೆನಪಾಗ್ಲಿ. ಯಾತ್ರಾಕ್ಕ ಹೋದಾಂವ ತಿರುಗಿ ಮನೀಗೆ ಬರಬೇಕಲ್ಲ."