ಕೊಂಡಿಗೆ ಸುತ್ತಿದ ದಾರ

"ಗುರುಗಳೇ, ಸಂಕಲ್ಪ ಮಾಡಿದವನು ಹಿಂದೆ ಬರುವ ದಾರಿಯನ್ನೂ ಇಟ್ಟುಕೊಳ್ಳಬೇಕೇ?" ಎಂದು ಮಹಾಲಿಂಗ ಕೇಳಿದ.

ಮರುದಿನದಿಂದ ಅವನು ಮಠದ ಕಲ್ಲುಕೋಣೆಯಲ್ಲಿ ಒಬ್ಬನೇ, ಒಂಬತ್ತು ದಿನ, ಬರೀ ನೀರು ಕುಡಿದು ಕೂರುವವನಿದ್ದ. ಬಾಗಿಲಿಗೆ ಒಳಗಿನಿಂದ ಹೊಸ ಅಗಳಿ ಹಾಕಿಸಿದ್ದ. ಏನೇ ಆದರೂ ಯಾರೂ ಬಾಗಿಲು ತಟ್ಟಬಾರದು ಎಂದು ಎಲ್ಲರಿಗೂ ಹೇಳಿಬಿಟ್ಟಿದ್ದ. ಅವನ ಹಟ ಕಂಡರೆ ಗುರುಗಳಿಗೆ ಪ್ರೀತಿಯೂ ಇತ್ತು, ಹೆದರಿಕೆಯೂ ಇತ್ತು. ಅವರು ಹುಟ್ಟಿದ್ದು ಕಡಲ ತೀರದಲ್ಲಿ. ಅಲ್ಲಿಯದೇ ಒಂದು ಕತೆ ಹೇಳಿದರು.

ಒಬ್ಬ ಸವಾರನಿದ್ದ. ದೊಡ್ಡ ಗಾಳಿಪಟವನ್ನು ಸೊಂಟದ ಪಟ್ಟಿಗೆ ಸಿಕ್ಕಿಸಿಕೊಂಡು, ಹಲಗೆಯ ಮೇಲೆ ನಿಂತು, ಗಾಳಿ ಎಳೆದತ್ತ ಕಡಲ ಮೇಲೆ ಓಡುವುದು ಅವನ ವಿದ್ಯೆ. ಪಟ್ಟಿಯಲ್ಲಿ ಒಂದು ಕೊಂಡಿ ಇರುತ್ತದೆ. ಅದನ್ನು ಎಳೆದರೆ ಪಟ ಕಳಚಿಕೊಂಡು ಬಲ ಕಳೆದುಕೊಳ್ಳುತ್ತದೆ, ಸವಾರ ಉಳಿಯುತ್ತಾನೆ.

ಆ ವಿದ್ಯೆ ಕಲಿಸುವ ಮುದುಕನದು ಒಂದು ಕಟ್ಟುಪಾಡು. ಕಡಲಿಗಿಳಿಯುವ ಮೊದಲು ಪ್ರತಿಯೊಬ್ಬನೂ ಮೊಣಕಾಲುದ್ದ ನೀರಿನಲ್ಲಿ ಕಣ್ಣು ಮುಚ್ಚಿ ನಿಂತು ಮೂರು ಸಲ ಕೊಂಡಿ ಕಳಚಿ ತೋರಿಸಬೇಕು. ಹತ್ತು ವರ್ಷ ಪಳಗಿದವನಿಗೂ ವಿನಾಯಿತಿ ಇಲ್ಲ. ಸವಾರನಿಗೆ ಇದು ಮಕ್ಕಳಾಟವೆನಿಸುತ್ತಿತ್ತು.

ಒಮ್ಮೆ ಪಂದ್ಯದಲ್ಲಿ, ಊರೆಲ್ಲ ನೋಡುತ್ತಿದ್ದಾಗ, ಜಿಗಿತದ ನಡುವೆ ಕೊಂಡಿ ತಾನಾಗಿ ಬಿಚ್ಚಿಕೊಂಡಿತು. ಸವಾರ ದೊಪ್ಪನೆ ನೀರಿಗೆ ಬಿದ್ದ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವನು ಕೊಂಡಿಯನ್ನು ಪೂರ್ತಿ ಒತ್ತಿರಲಿಲ್ಲ, ಅಷ್ಟೇ. ಆದರೆ ದೂರಿದ್ದು ಕೊಂಡಿಯನ್ನು. ಮನೆಗೆ ಹೋಗಿ, ಬಲೆ ಹೆಣೆಯುವ ದಾರವನ್ನು ಅದಕ್ಕೆ ನಾಲ್ಕು ಸುತ್ತು ಬಿಗಿದ. ಇನ್ನು ಬಿಚ್ಚಿಕೊಳ್ಳಲಿ ನೋಡೋಣ ಎಂದುಕೊಂಡ.

ಕಳೆದುಕೊಂಡ ಮಾನವನ್ನು ಗಳಿಸಲೇಬೇಕಿತ್ತು. ಕಡಲಿನ ನಡುಗಡ್ಡೆಯನ್ನು ಸುತ್ತಿ ಬರುತ್ತೇನೆಂದು ಸಾರಿದ. ಆ ದಿನ ಪಡುವಣದಲ್ಲಿ ಮೋಡ ಕಪ್ಪಿಟ್ಟಿತ್ತು.

"ಮೂರು ಸಲ ಕಳಚಿ ತೋರಿಸು ಮಾರಾಯ" ಎಂದ ಮುದುಕ.

"ಅದೆಲ್ಲ ಅರ್ಧಕ್ಕೆ ಬಿಟ್ಟುಬರುವವರಿಗೆ, ಅಜ್ಜ. ನಾನು ಸುತ್ತಿಯೇ ಬರುವವನು."

ಅರ್ಧ ದಾರಿಯಲ್ಲಿ ಬಿರುಗಾಳಿ ಎದ್ದಿತು. ಪಟ ಅವನನ್ನು ಎತ್ತಿ ಕುಕ್ಕಿತು, ದಡದ ಬಂಡೆಗಳ ಕಡೆಗೆ ಎಳೆದುಕೊಂಡು ಹೊರಟಿತು. ಅವನು ಕೊಂಡಿ ಎಳೆದ. ಬರಲಿಲ್ಲ. ಎರಡೂ ಕೈಯಲ್ಲಿ ಎಳೆದ. ನೆನೆದ ದಾರ ಉಗುರಿಗೂ ಸಿಗಲಿಲ್ಲ. ಆಗ ಅವನಿಗೆ ಗಾಳಿಯ ಭಯವಾಗಲಿಲ್ಲ, ಬಂಡೆಯ ಭಯವಾಗಲಿಲ್ಲ. ತನ್ನ ಕೈಯಾರೆ ಸುತ್ತಿದ ದಾರದ ಭಯವಾಯಿತು.

ಪಟ ಬಂಡೆಗೆ ಸಿಕ್ಕಿ ಹರಿದದ್ದರಿಂದ ಜೀವ ಉಳಿಯಿತು. ಎರಡು ಪಕ್ಕೆಲುಬು ಮತ್ತು ಬಲಗೈ ಮುರಿದಿದ್ದವು. ದೋಣಿಯಲ್ಲಿ ಬಂದ ಮುದುಕ ದಾರವನ್ನು ನೋಡಿದ, ಚಾಕುವಿನಿಂದ ಕೊಯ್ದ. ಬೈಯಲಿಲ್ಲ. ಬೈದಿದ್ದರೆ ಸವಾರನಿಗೆ ಸ್ವಲ್ಪ ಹಗುರಾಗುತ್ತಿತ್ತು.

ಐದು ತಿಂಗಳ ಮೇಲೆ ಅವನು ಮತ್ತೆ ಬಂದ. ಮೊಣಕಾಲುದ್ದ ನೀರಿನಲ್ಲಿ ಕಣ್ಣು ಮುಚ್ಚಿ ನಿಂತು ಕೊಂಡಿ ಕಳಚಿದ, ಹಾಕಿದ, ಕಳಚಿದ. ಬಲಗೈಯಲ್ಲಿ ಐವತ್ತು ಸಲ, ಎಡಗೈಯಲ್ಲಿ ಐವತ್ತು ಸಲ. ದಡದಲ್ಲಿ ಅದೇ ಜನ, ಅದೇ ನಗು. ಅವನು ತಿರುಗಿ ನೋಡಲಿಲ್ಲ. ಆಮೇಲೆ ನಡುಗಡ್ಡೆಯ ಕಡೆಗೆ ಹೊರಟ.

ಕತೆ ಅಲ್ಲಿಗೆ ನಿಂತಿತು. ಮಹಾಲಿಂಗನಿಗೆ ತಡೆಯಲಾಗಲಿಲ್ಲ. "ಸುತ್ತಿ ಬಂದನೇ?" ಎಂದ.

"ಆ ದಿನ ಇಲ್ಲ. ಗಾಳಿ ಮತ್ತೆ ಕೆಟ್ಟಿತು. ಕೊಂಡಿ ಎಳೆದ, ಪಟ ಮಡಚಿಕೊಂಡು ಈಜಿ ಬಂದ. ಮೈಮೇಲೆ ಒಂದು ಗೀರೂ ಇರಲಿಲ್ಲ. ಆದ್ದರಿಂದ ಮರುದಿನ ಮತ್ತೆ ಹೋಗಲು ಅವನು ಇದ್ದ. ಹೋದ, ಸುತ್ತಿ ಬಂದ."

ಮಹಾಲಿಂಗನ ಮುಖ ಅರಳಿತು. "ಹಾಗಾದರೆ ನಾಳೆ ನಾನು ಕೋಣೆಗೆ ಹೋಗಬಹುದೇ?"

"ಹೋಗು, ಆದರೆ ಆ ಅಗಳಿಯನ್ನು ಮೊದಲು ಕಣ್ಣು ಮುಚ್ಚಿ ನೂರು ಸಲ ತೆಗೆದು ತೋರಿಸು, ಆಮೇಲೆ ಹಾಕಿಕೋ" ಎಂದರು ಗುರುಗಳು.