ನಿದ್ದೆಗೆಟ್ಟ ವೆಂಕಟರಮಣ

ವೆಂಕಟರಮಣ ಗುಡಿಯ ಧರ್ಮದರ್ಶಿ ಶೇಷಗಿರಿಯಪ್ಪನವರ ಹೊಸ ಕಾರು ಆ ವಾರ ಮೂರನೇ ಸಲ ಬೆಳಿಗ್ಗೆ ಸ್ಟಾರ್ಟ್ ಆಗಲಿಲ್ಲ. ಗುಡಿ ಎದುರಿನ ಕಾರ್ ಎಲೆಕ್ಟ್ರಿಷಿಯನ್ ಅಂಗಡಿವರೆಗೆ ತಳ್ಳಿಸಿಕೊಂಡು ಬಂದವರೇ ಕಾರಿನ ಬಾಗಿಲನ್ನು ದಢಾರನೆ ಹಾಕಿ ಅವನ ಮೇಲೆ ಹರಿಹಾಯ್ದರು.

"ಒಂಬತ್ತಕ್ಕೆ ಮುಹೂರ್ತ ಕಣಯ್ಯಾ, ಬೇಗ ನೋಡು! ದೇವರ ಲೈಟು ಮಾತ್ರ ಮುಟ್ಟಬೇಡ. ಅದನ್ನ ಕಿತ್ತುಹಾಕಿ ಅಂದವನ ಮಳಿಗೆ ಖಾಲಿ ಮಾಡಿಸಿದೀನಿ."

ಇವನ ಅಂಗಡಿಯೂ ಗುಡಿಯ ಮಳಿಗೆಯೇ. ಸ್ಕ್ಯಾನರ್ ಹಾಕಿದ, ಕಾರಿನಲ್ಲಿ ದೋಷವಿಲ್ಲ. ಮೀಟರ್ ಹಿಡಿದ. ಡ್ಯಾಶ್‌ಬೋರ್ಡಿನ ವೆಂಕಟರಮಣನ ಸುತ್ತ ಮಿನುಗುವ ಸೀರಿಯಲ್ ಲೈಟು ನೇರ ಬ್ಯಾಟರಿಯಿಂದಲೇ ಹಗಲೂ ರಾತ್ರಿ ಕರೆಂಟು ಕುಡಿಯುತ್ತಿತ್ತು. ಶೇಷಗಿರಿಯಪ್ಪ ವಾಚು ನೋಡುತ್ತಾ ಅತ್ತಿಂದಿತ್ತ ಓಡಾಡುತ್ತಿದ್ದರು.

"ಸ್ವಾಮಿ, ಗುಡೀಲಿ ರಾತ್ರಿ ದೇವರನ್ನ ಮಲಗಿಸ್ತೀರಾ?"

"ಮಲಗಿಸದೆ? ಏಕಾಂತ ಸೇವೆಗೆ ನಾನೇ ಜೋಗುಳ ಹಾಡ್ತೀನಿ!"

"ಇಲ್ಲಿ ಪಾಪ, ಮೂರು ತಿಂಗಳಿಂದ ಕಣ್ಣಿಗೆ ಲೈಟು ಬಿಟ್ಟು ಕೂರಿಸಿದೀರಿ. ದೇವರೇ ನಿದ್ದೆಗೆಟ್ಟರೆ ಬೆಳಿಗ್ಗೆ ಕಾರು ಹೇಗೆ ಏಳುತ್ತೆ?"

ಧರ್ಮದರ್ಶಿಗಳ ಮುಖ ಬಿಳಿಚಿಕೊಂಡಿತು. "ಅಯ್ಯೋ, ಅಪಚಾರವಾಯ್ತಲ್ಲೋ! ಮಲಗಿಸೋ ದಾರಿ ಮಾಡು" ಎಂದು ಕೆನ್ನೆ ಬಡಿದುಕೊಂಡರು. ಎಲೆಕ್ಟ್ರಿಷಿಯನ್ ಕೀ ತೆಗೆದರೆ ಲೈಟು ಆರುವಂತೆ ವೈರು ಬದಲಿಸಿ, ಬೇರೆ ಬ್ಯಾಟರಿಯಿಂದ ಸ್ಟಾರ್ಟ್ ಮಾಡಿ ಕಳಿಸಿದ.

ವಾರದ ಮೇಲೆ ಗುಡಿಯ ಮುಂದೆ ಕಾರು ನಿಂತಿತು. "ಬ್ಯಾಟರಿ ಹೇಗಿದೆ ಸ್ವಾಮಿ?" ಎಂದು ಇವನು ಕೂಗಿದ.

ಶೇಷಗಿರಿಯಪ್ಪ ಬಾಗಿಲನ್ನು ಮೆಲ್ಲಗೆ ಒತ್ತಿ, ತುಟಿಗೆ ಬೆರಳಿಟ್ಟರು. "ಶ್! ಈಗ ತಾನೇ ಮಲಗಿಸಿದೀನಿ."